ಸದಸ್ಯರು ಬಹಳ, ಕೋಣೆ ಒಂದೂ ಇಲ್ಲ

ನಮ್ಮೂರಿನಲ್ಲಿ ವರ್ಣಭೇದದ ವಿರುದ್ಧ ಒಂದು ಹೋರಾಟ ನಡೆಯಿತು. ಅದನ್ನು ನಾನು ಮೊದಲಿನಿಂದ ಕಡೆಯವರೆಗೆ ನೋಡಿದ್ದೇನೆ, ಏಕೆಂದರೆ ಅದರ ಬಹುಪಾಲು ನಡೆದದ್ದು ನನ್ನ ಅಂಗಡಿಯಲ್ಲಿ. ಹೋರಾಟಗಾರರು ಬರುತ್ತಿದ್ದರು, ಚಪ್ಪಲಿ ಹೊರಗೆ ಬಿಡುತ್ತಿದ್ದರು, ಫ್ಯಾನಿನ ಕೆಳಗಿನ ಕಂಪ್ಯೂಟರೇ ಬೇಕೆಂದು ಹಟ ಹಿಡಿಯುತ್ತಿದ್ದರು. ಸ್ವಲ್ಪ ಹೊತ್ತು ಜಗತ್ತಿನ ಮೇಲೆ ಸಿಟ್ಟಾಗಿ, ಆಮೇಲೆ ಚಹಾಕ್ಕೆ ಎದ್ದು ಹೋಗುತ್ತಿದ್ದರು. ಕೀಲಿಮಣೆಯ ಮೇಲೆ ಅವರು ಉದುರಿಸಿದ ಶೇಂಗಾ ಸಿಪ್ಪೆಯನ್ನು ಊದಿ ತೆಗೆಯುವುದು ನನ್ನ ಪಾಲಿನ ಕೆಲಸವಾಗಿತ್ತು.

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಮನೆ. ರಸ್ತೆಗೆ ಬಾಗಿಲಿರುವ ಮುಂದಿನ ಕೋಣೆಯಲ್ಲಿ ಅಪ್ಪ ತೊಂಬತ್ತರ ದಶಕದ ಮೊದಲಿಗೆ ಎಸ್‌ಟಿಡಿ ಬೂತ್ ಹಾಕಿದ್ದ. ಹೊರದೇಶಕ್ಕೂ ಅಲ್ಲಿಂದ ಮಾತಾಡಬಹುದಿತ್ತು. ಧಾರವಾಡದ ಕಾಲೇಜುಗಳಿಗೆ ಆಗ ಕೀನ್ಯಾ, ಸುಡಾನ್, ತಾಂಜಾನಿಯಾ ಕಡೆಯಿಂದ ಓದಲು ಬರುವವರು ಸಾಕಷ್ಟಿದ್ದರು. ಸಂಜೆಯಾದರೆ ಅವರು ನಮ್ಮ ಬೂತಿನ ಮುಂದೆ ಸರತಿಯಲ್ಲಿ ನಿಲ್ಲುತ್ತಿದ್ದರು. ಅದೇ ಸರತಿಯಲ್ಲಿ ನಮ್ಮವರೂ ನಿಲ್ಲುತ್ತಿದ್ದರು, ಮುಂಬಯಿಯ ಮಗಳಿಗೋ ಪುಣೆಯ ಅಳಿಯನಿಗೋ ಫೋನ್ ಮಾಡಲು. ಆಫ್ರಿಕಾದ ಹುಡುಗನೊಬ್ಬ ಮಾತಾಡಿ ಹೊರಬಂದನೆಂದರೆ ಅವನ ಹಿಂದಿನವರು ಒಳಗೆ ಹೋಗಿ, ಮೊದಲು ಸೆರಗಿನಿಂದಲೋ ಕರವಸ್ತ್ರದಿಂದಲೋ ರಿಸೀವರನ್ನು ಉಜ್ಜಿ ಒರೆಸುತ್ತಿದ್ದರು. ಗಾಜಿನ ಗೂಡು ಅದು, ಒಳಗೆ ಮಾಡಿದ್ದು ಹೊರಗಿನವರಿಗೆಲ್ಲ ಕಾಣುತ್ತಿತ್ತು. ಆ ಹುಡುಗನಿಗೂ ಕಾಣುತ್ತಿತ್ತು. ಒರೆಸಿ ಮುಗಿಸಿ ಅವರು ಮಗಳಿಗೆ ಹೇಳುತ್ತಿದ್ದ ಮೊದಲ ಮಾತು, ಧಾರವಾಡದಾಗ ಎಲ್ಲಾರೂ ಆರಾಮ.

ಅಪ್ಪ ಒಳ್ಳೆಯ ಮನುಷ್ಯನೆಂದು ಓಣಿಯಲ್ಲಿ ಹೆಸರಿತ್ತು. ಆತ ಯಾರಿಗೂ ಏನೂ ಅನ್ನಲಿಲ್ಲ. ಗೂಡಿನೊಳಗೆ ಮೊಳೆ ಹೊಡೆದು ಒಂದು ಒದ್ದೆ ಬಟ್ಟೆ ತೂಗುಹಾಕಿದ, ಅಷ್ಟೆ. ಎಲ್ಲರಿಗೂ ಅನುಕೂಲ ಎಂದ. ನಮ್ಮೂರಿನ ಸಜ್ಜನಿಕೆ ಬಹುಮಟ್ಟಿಗೆ ಇಂಥದ್ದೇ: ತಪ್ಪಿನ ಪಕ್ಕದಲ್ಲಿ ಒಂದು ಅನುಕೂಲ ಮಾಡಿಟ್ಟು ಕೈತೊಳೆದುಕೊಳ್ಳುವುದು.

ದಶಕ ಕಳೆಯುವ ಹೊತ್ತಿಗೆ ಅಪ್ಪ ತೀರಿಕೊಂಡ. ಮೊಬೈಲು ಬಂದು ಬೂತಿನ ಕೆಲಸವೂ ನಿಂತಿತು. ನಾನು ಎಂ.ಎ. ಮುಗಿಸಿ ಕೆಲಸವಿಲ್ಲದೆ ಕುಳಿತಿದ್ದೆ. ಗಾಜಿನ ಗೂಡನ್ನು ಒಡೆಸಿ ಆ ಕೋಣೆಯಲ್ಲಿ ಕೆಲವು ಕಂಪ್ಯೂಟರು ಇಟ್ಟು ಇಂಟರ್ನೆಟ್ ಅಂಗಡಿ ಮಾಡಿದೆ. ಹೆಣ್ಣುಮಗಳು ಅಂಗಡಿಯಲ್ಲಿ ಕೂಡ್ರುವುದೇ ಎಂದು ಓಣಿಯವರು ಅವ್ವನ ಕಿವಿ ಕಚ್ಚಿದರು. ಅವ್ವ ಸ್ವಲ್ಪ ದಿನ ಅತ್ತಳು. ಆಮೇಲೆ ತಾನೇ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತು ಯಾರು ಬಂದರು, ಯಾರು ಹೋದರು ಎಂದು ನೋಡತೊಡಗಿದಳು. ಅದು ಅವಳಿಗೆ ಬಹಳ ಹಿಡಿಸಿತು.

ಆ ಹುಡುಗಿ ಬಂದದ್ದು ಎರಡು ಸಾವಿರದ ದಶಕದ ನಡುವಿನಲ್ಲಿ. ತಾಂಜಾನಿಯಾದವಳು, ಕಾನೂನು ಓದಲು ಬಂದಿದ್ದಳು. ಎತ್ತರದ ನಿಲುವು, ಸಣ್ಣ ಸಣ್ಣ ಹೆಣಿಕೆ ಹಾಕಿದ ಕೂದಲು, ರಸ್ತೆಯ ಆಚೆಗೂ ಕೇಳಿಸುವಂಥ ನಗು. ಮೊದಲ ದಿನ ಬಾಗಿಲಲ್ಲಿ ನಿಂತು, “ಅಕ್ಕಾ, ಇಂಟರ್ನೆಟ್ ಐತೇನ್ರಿ?” ಎಂದಳು. ನಾನು ಇಂಗ್ಲಿಷಿನಲ್ಲಿ ಉತ್ತರಿಸಲು ಬಾಯಿ ತೆರೆದವಳು ಹಾಗೇ ನಿಂತೆ. ಸಂತೆಯಲ್ಲಿ ಕಾಯಿಪಲ್ಲೆ ಮಾರುವ ಹೆಂಗಸರಿಂದ ಕಲಿತ ಕನ್ನಡವಂತೆ. ಹಾಗಾಗಿ ಅವಳಿಗೆ ಚೌಕಾಸಿಯ ಮಾತು ಚೆನ್ನಾಗಿ ಬರುತ್ತಿತ್ತು, ಸಮಾಧಾನದ ಮಾತು ಅಷ್ಟಾಗಿ ಬರುತ್ತಿರಲಿಲ್ಲ. ವಾರದಲ್ಲಿ ಕೆಲವು ದಿನ ಬಂದು ಅಮ್ಮನಿಗೆ ಈ-ಮೇಲ್ ಬರೆಯುತ್ತಿದ್ದಳು. ಬರೆದು ಮುಗಿದ ಮೇಲೆ ನನ್ನ ಪಕ್ಕ ಕುಳಿತು ಕಾಲೇಜಿನ ಸುದ್ದಿ ಹೇಳುತ್ತಿದ್ದಳು. ನಾವು ಗೆಳತಿಯರಾದೆವು.

ಅವಳು ಬಾಡಿಗೆಗಿದ್ದದ್ದು ನಮ್ಮ ಪಕ್ಕದ ಓಣಿಯಲ್ಲಿ, ಹತ್ತಿಯ ವ್ಯಾಪಾರದ ಒಂದು ಮನೆತನದ ಮಾಳಿಗೆಯ ಕೋಣೆಯಲ್ಲಿ. ಮನೆಯೊಡತಿ ಭಾರೀ ದೈವಭಕ್ತೆ. ಬೆಳಗಿನ ಪೂಜೆ ಮುಗಿಯುವ ತನಕ ಮಾಳಿಗೆಯವರು ಮೆಟ್ಟಿಲಿಳಿಯುವಂತಿಲ್ಲ. ನಮ್ಮವರಿಂದ ಪಡೆಯುವುದಕ್ಕಿಂತ ಹೆಚ್ಚಿನ ಬಾಡಿಗೆಯನ್ನು ಅವಳಿಂದ ಪಡೆಯಲು ಮಾತ್ರ ಯಾವ ಮಡಿಯೂ ಅಡ್ಡ ಬರಲಿಲ್ಲ. ಹುಡುಗಿ ಇದನ್ನೆಲ್ಲ ನಗುತ್ತಲೇ ಹೇಳುತ್ತಿದ್ದಳು. ಪರೀಕ್ಷೆ ಮುಗಿಸಿ ಹೋದರಾಯಿತು, ಇವರ ಜೊತೆ ಸಂಸಾರ ಮಾಡಬೇಕೇ ಎನ್ನುತ್ತಿದ್ದಳು.

ಆ ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ಒಂದು ದಿನ ಕನ್ಯಾ ನೋಡಲು ಬೆಳಗಾವಿ ಕಡೆಯ ದೊಡ್ಡ ಮನೆತನದವರು ಬರುವುದು ಗೊತ್ತಾಯಿತು. ಒಡತಿ ಮಾಳಿಗೆ ಹತ್ತಿ ಹೋಗಿ, ಅವರು ಬಂದು ಹೋಗುವ ತನಕ ಬಾಡಿಗೆಯ ಹುಡುಗಿ ಮನೆಯಲ್ಲಿ ಇರಬಾರದೆಂದು ಹೇಳಿದಳು. ಆ ವಾರ ಹುಡುಗಿಗೆ ಪರೀಕ್ಷೆ. ಬೇಕಾದರೆ ಬಾಗಿಲು ಹಾಕಿಕೊಂಡು ಒಳಗೆ ಓದುತ್ತೇನೆ, ಹೊರಗೆ ತಲೆ ಹಾಕುವುದಿಲ್ಲ, ಆದರೆ ಹೋಗುವುದಿಲ್ಲ, ಬಾಡಿಗೆ ಕೊಟ್ಟಿದ್ದೇನೆ ಎಂದಳು. ಒಡತಿ ಮೆಟ್ಟಿಲಿಳಿದು ಹೋದಳು. ಮರುದಿನ ಹುಡುಗಿ ಬೆಳಗಿನ ಪರೀಕ್ಷೆ ಬರೆದು ಬಂದರೆ ಮೆಟ್ಟಿಲಿನ ಬಾಗಿಲಿಗೆ ಬೀಗ. ಗೇಟಿನ ಹೊರಗೆ, ಗಟಾರದ ಪಕ್ಕ, ಅವಳ ಗಾದಿ, ಬಕೆಟ್ಟು, ಸ್ಟೋವ್, ಪುಸ್ತಕ. ಪುಸ್ತಕಗಳ ಮೇಲೆ, ಒಣಹಾಕಿದ ಹಗ್ಗದಿಂದ ಸೆಳೆದು ಎಸೆದ ಅವಳ ಒಳಉಡುಪು.

ಓಣಿಯ ಜನ ಕಿಟಕಿಯಲ್ಲಿ ನಿಂತಿದ್ದರು. ಯಾರೂ ಹೊರಗೆ ಬರಲಿಲ್ಲ. ಒಬ್ಬನೇ ಒಬ್ಬ ನಿಂತ, ಮೋಟಾರ್‌ಸೈಕಲ್ಲಿನಲ್ಲಿ ಹೋಗುತ್ತಿದ್ದ ಎಂಜಿನಿಯರಿಂಗ್ ಓದುವ ಹುಡುಗ. ಅವನು ನಿಂತದ್ದು ಕೈಜೋಡಿಸಲು ಅಲ್ಲ. ಆಗ ತಾನೇ ಕ್ಯಾಮರಾ ಇರುವ ಫೋನು ಬಂದಿದ್ದವು. ಅವಳು ಬಗ್ಗಿ ಬಟ್ಟೆ ಎತ್ತಿಕೊಳ್ಳುತ್ತಿದ್ದಾಗ ಒಂದು ಫೋಟೋ ತೆಗೆದು ಗಾಡಿ ಒದ್ದು ಹೋದ.

ಹುಡುಗಿ ಆಟೋ ಮಾಡಿ ಸಾಮಾನನ್ನೆಲ್ಲ ನಮ್ಮಲ್ಲಿಗೆ ತಂದಳು. ಅಂಗಡಿಯಲ್ಲಿ ಕುಳಿತು ಪುಸ್ತಕಗಳಿಗೆ ಹತ್ತಿದ ಗಟಾರದ ಕೆಸರು ಒರೆಸತೊಡಗಿದಳು. ಅವ್ವ ನೀರು ಕೊಟ್ಟಳು, ಚಹಾ ಕೊಟ್ಟಳು, ಆಮೇಲೆ ನನ್ನನ್ನು ಅಡುಗೆಮನೆಗೆ ಕರೆದು, “ಎರಡ ದಿನಾ ಅಷ್ಟ ನೋಡು. ಮಂದಿ ಏನಂತಾರ” ಎಂದಳು. ಆದರೆ ಅಪ್ಪನ ಮಂಚವನ್ನು ತಾನೇ ಝಾಡಿಸಿ, ಒಗೆದ ಹಾಸಿಗೆ ಹಾಕಿದಳು. ಅವ್ವನ ಬಾಯಿಗೂ ಕೈಗೂ ಎಂದೂ ಹೊಂದಾಣಿಕೆ ಇರಲಿಲ್ಲ.

ಇಷ್ಟು ಹೊತ್ತಿಗೆ ಫೋಟೋ ಊರು ದಾಟಿತ್ತು. ಆ ಕಾಲದಲ್ಲಿ ಎಲ್ಲರೂ ಒಬ್ಬರ ಪುಟದಲ್ಲಿ ಒಬ್ಬರು ಸ್ಕ್ರ್ಯಾಪ್ ಎಂಬ ಚುಟುಕು ಸಂದೇಶ ಬರೆಯುತ್ತಿದ್ದ ಒಂದು ತಾಣ ಇಂಟರ್ನೆಟ್ಟಿನಲ್ಲಿತ್ತು. ಒಂದೇ ಆಸಕ್ತಿಯವರು ಸೇರಿ ಅದರಲ್ಲಿ ಕಮ್ಯುನಿಟಿ ಕಟ್ಟಿಕೊಳ್ಳುತ್ತಿದ್ದರು. ಮಾವಿನಹಣ್ಣು ಇಷ್ಟಪಡುವವರದ್ದು ಒಂದು, ಬೆಳಗ್ಗೆ ಏಳಲಾಗದವರದ್ದು ಒಂದು. ಈಗ ಧಾರವಾಡಕ್ಕೆ ನಾಚಿಕೆಯಾಗಿದೆ ಎಂಬರ್ಥದ ಇಂಗ್ಲಿಷ್ ಹೆಸರಿನದ್ದು ಇನ್ನೊಂದು ಹುಟ್ಟಿತು. ಹುಟ್ಟಿಸಿದವರು ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಕಲಿಸುತ್ತಿದ್ದ ಒಬ್ಬ ಪ್ರಾಧ್ಯಾಪಕರು. ಖಾದಿ ಜುಬ್ಬಾ, ಹೆಗಲಲ್ಲಿ ಬಟ್ಟೆಯ ಚೀಲ, ತಿದ್ದಿ ತೀಡಿದ ಧಾರವಾಡದ ಮಾತು. ಮನೆಯಲ್ಲಿ ಕಂಪ್ಯೂಟರು ಇರಲಿಲ್ಲವಾಗಿ ನನ್ನ ಅಂಗಡಿಗೇ ಬರುತ್ತಿದ್ದರು. ಎಂಜಿನಿಯರಿಂಗ್ ಹುಡುಗ ಫೋಟೋ ಕೊಟ್ಟ, ಇವರು ಅದನ್ನು ಕಮ್ಯುನಿಟಿಯ ಮುಖಚಿತ್ರ ಮಾಡಿದರು. ಸದಸ್ಯರು ಮಳೆಹುಳುವಿನ ಹಾಗೆ ಮುತ್ತಿದರು. ಪುಣೆಯವರು, ಬೆಂಗಳೂರಿನವರು, ಕೆನಡಾದಲ್ಲಿ ನೆಲೆಸಿದ ಹುಬ್ಬಳ್ಳಿಯವರು. ಒಬ್ಬೊಬ್ಬರೂ ತಮ್ಮ ತಲೆ ತಗ್ಗಿತೆಂದು ಬರೆದರು. ಕೆಲವರ ತಲೆ ದಿನಕ್ಕೆ ಹಲವು ಬಾರಿ ತಗ್ಗುತ್ತಿತ್ತು.

ನಮ್ಮ ಮನೆಯಲ್ಲೇ ಮಲಗಿ ಏಳುತ್ತಿದ್ದ ಹುಡುಗಿಗೆ ಇದಾವುದೂ ಗೊತ್ತಿರಲಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿದ್ದಳು, ಅದು ಮುಗಿಯಲೆಂದು ನಾನೂ ಹೇಳಿರಲಿಲ್ಲ. ಕಾಲೇಜಿನಲ್ಲಿ ಯಾರೋ ಹೇಳಿದರೆಂದು ಒಂದು ಮಧ್ಯಾಹ್ನ ಬಂದು, ತೆಗೆದು ತೋರಿಸೆಂದು ನನ್ನನ್ನು ಕೇಳಿದಳು. ತೆಗೆದೆ. ಪರದೆಯ ಮೇಲೆ ಅವಳು ಬಗ್ಗಿ ನಿಂತಿದ್ದಳು, ಮುಖ ಸ್ಪಷ್ಟವಾಗಿತ್ತು, ಕಾಲಬುಡದ ಬಟ್ಟೆಗಳು ಇನ್ನೂ ಸ್ಪಷ್ಟವಾಗಿದ್ದವು. ಕೆಳಗೆ ಸಾಲುಸಾಲು ಕನಿಕರ. ಕನಿಕರದ ನಡುನಡುವೆ ಆ ಬಟ್ಟೆಯ ಬಗ್ಗೆ ಹೊಲಸು ಹಾಸ್ಯ ಮಾಡಿದವರೂ ಇದ್ದರು. ಅವಳು ಮೇಲಿನಿಂದ ಕೆಳಗಿನವರೆಗೆ ಎಲ್ಲವನ್ನೂ ಓದಿದಳು. ಗೇಟಿನ ಹೊರಗೆ ಅಳದವಳು ಅಲ್ಲಿ ಕುಳಿತು ಅತ್ತಳು.

ಪ್ರಾಧ್ಯಾಪಕರು ಅದೇ ಹೊತ್ತಿಗೆ ಫ್ಯಾನಿನ ಕೆಳಗೆ ಕುಳಿತು ಬರೆಯುತ್ತಿದ್ದರು. ಅವಳು ಕಣ್ಣೊರೆಸಿಕೊಂಡು ಅವರ ಹತ್ತಿರ ಹೋಗಿ ನಿಂತಳು. ತಾವು ಯಾರಿಗಾಗಿ ಹೋರಾಡುತ್ತಿದ್ದರೋ ಅವಳ ಗುರುತು ಅವರಿಗೆ ತಕ್ಷಣ ಸಿಗಲಿಲ್ಲ. ನಾನು ಹೇಳಬೇಕಾಯಿತು.

“ಸರ, ಈ ಫೋಟೋ ತಗದ ಬಿಡ್ರಿ,” ಎಂದಳು.

ಅವರು ಎದ್ದು ನಿಂತು ಕೈಮುಗಿದರು. ಬಹಳ ಮೃದುವಾಗಿ, ಪಾಠ ಹೇಳುವವರಂತೆ ವಿವರಿಸಿದರು. ಫೋಟೋ ಇಲ್ಲದಿದ್ದರೆ ಯಾರೂ ನಂಬುವುದಿಲ್ಲ, ಅಮೆರಿಕದಲ್ಲೂ ದಕ್ಷಿಣ ಆಫ್ರಿಕಾದಲ್ಲೂ ಜನರನ್ನು ಎಬ್ಬಿಸಿದ್ದು ಚಿತ್ರಗಳೇ, ಈಗ ಆ ಕೆಲಸ ಇಂಟರ್ನೆಟ್ಟಿನಲ್ಲಿ ಆಗುತ್ತಿದೆ ಎಂದರು. “ನೋಡವಾ, ನೀ ಈಗ ಬರೇ ಒಬ್ಬಾಕಿ ಅಲ್ಲ. ನೀ ಒಂದು ಸಂಕೇತ ಆಗೀದಿ.”

“ಸಂಕೇತ ಏನ ಅಂತ ನನಗ ತಿಳಿಯಂಗಿಲ್ರಿ ಸರ. ಅಲ್ಲೆ ಕಾಣಾಕತ್ತದ್ದು ನನ್ನ ಒಳಗಿನ ಅರಿವಿ.”

ಪ್ರಾಧ್ಯಾಪಕರ ಕಿವಿ ಕೆಂಪಾಯಿತು. ವಿಚಾರ ಮಾಡುತ್ತೇನೆಂದರು. ಮರುದಿನ ನೋಡಿದರೆ ಫೋಟೋ ಅಲ್ಲೇ ಇತ್ತು, ಬಟ್ಟೆಗಳ ಮೇಲೆ ಮಾತ್ರ ಕಪ್ಪು ಬಣ್ಣದ ದೊಡ್ಡ ಬಳಿತ. ಅಲ್ಲಿಯವರೆಗೆ ಆ ಬಟ್ಟೆಯನ್ನು ಗಮನಿಸದಿದ್ದವರೂ ಈಗ ಆ ಕಪ್ಪಿನಡಿ ಏನಿದೆಯೆಂದು ಕೇಳತೊಡಗಿದರು. ಅವಳ ಮುಖವನ್ನು ಮುಚ್ಚಬೇಕೆಂದು ಯಾರಿಗೂ ಹೊಳೆಯಲಿಲ್ಲ. ಮುಖ ಮುಚ್ಚಿದರೆ ಅದು ಆಫ್ರಿಕಾದವಳೆಂದು ಗೊತ್ತಾಗುವುದು ಹೇಗೆ?

ನಂತರ ಕಮ್ಯುನಿಟಿಯವರು ಒಂದು ಸಂಜೆ ಕಲಾಭವನದ ಮುಂದೆ ಮೇಣಬತ್ತಿ ಹಿಡಿದು ನಿಲ್ಲುವ ಕಾರ್ಯಕ್ರಮ ಇಟ್ಟುಕೊಂಡರು. ಬರುತ್ತೇವೆಂದು ಬರೆದವರೆಲ್ಲ ಬಂದಿದ್ದರೆ ಕಲಾಭವನದ ಮೈದಾನ ಸಾಲುತ್ತಿರಲಿಲ್ಲ. ಹುಡುಗಿಯನ್ನು ಮಾತಾಡಲು ಕರೆದಿದ್ದರು, ಅವಳು ಹೋಗಲಿಲ್ಲ. ನಾನು ಹೋದೆ. ಪ್ರಾಧ್ಯಾಪಕರು, ಅವರ ಕೆಲವು ವಿದ್ಯಾರ್ಥಿಗಳು, ಸ್ಥಳೀಯ ಪತ್ರಿಕೆಯ ಒಬ್ಬ ವರದಿಗಾರ, ಪಕ್ಕದ ಗಾಡಿಯಲ್ಲಿ ಮಿರ್ಚಿಭಜಿ ತಿನ್ನುತ್ತ ಏನು ನಡೆದಿದೆಯೆಂದು ನೋಡಲು ಬಂದವರು, ಇಷ್ಟೇ ಜನ. ಗಾಳಿಗೆ ಬತ್ತಿ ಆರುತ್ತಿದ್ದವು. ಫೋಟೋದಲ್ಲಿ ಒಬ್ಬರಾದರೂ ಆಫ್ರಿಕಾದವರು ಇರಬೇಕೆಂದು ವರದಿಗಾರ ಹೇಳಿದ. ಆಗ ಬಸ್ ನಿಲ್ದಾಣದ ಕಡೆ ಹೊರಟಿದ್ದ ಸುಡಾನಿನ ವಿದ್ಯಾರ್ಥಿಯೊಬ್ಬನನ್ನು ತಡೆದು ಕೈಗೆ ಒಂದು ಬತ್ತಿ ಕೊಟ್ಟು ನಡುವೆ ನಿಲ್ಲಿಸಿದರು. ಯಾರೋ ತೀರಿಕೊಂಡಿದ್ದಾರೆಂದು ತಿಳಿದ ಆ ಪಾಪದವನು ತಲೆತಗ್ಗಿಸಿ ಕಣ್ಣುಮುಚ್ಚಿ ನಿಂತ. ಫೋಟೋ ಬಹಳ ಚೆನ್ನಾಗಿ ಬಂತು. ಅದನ್ನು ನೋಡಿ ಇನ್ನಷ್ಟು ಸದಸ್ಯರು ಸೇರಿದರು.

ಹುಡುಗಿಗೆ ಈಗ ಬೇಕಾಗಿದ್ದದ್ದು ಒಂದು ಕೋಣೆ. ಅವ್ವನ ಎರಡು ದಿನ ಎಂದೋ ಮುಗಿದಿತ್ತು. ಅವ್ವ ಹೊರಡು ಎನ್ನುತ್ತಿರಲಿಲ್ಲ, ಆದರೆ ಅಡುಗೆಮನೆಯಲ್ಲಿ ಕಿರಿಕಿರಿ ಶುರುವಾಗಿತ್ತು. ಹುಡುಗಿಗೆ ನಮ್ಮ ಖಾರ ಆಗುತ್ತಿರಲಿಲ್ಲ, ಅವಳು ಕುದಿಸುವ ಮೀನು ಅವ್ವನಿಗೆ ಆಗುತ್ತಿರಲಿಲ್ಲ. ನಾವಿಬ್ಬರೂ ಓಣಿ ಓಣಿ ಸುತ್ತಿದೆವು. ಖಾಲಿ ಇದೆಯೆಂದು ಫೋನಿನಲ್ಲಿ ಹೇಳಿದ ಕೋಣೆ ನಾವು ಗೇಟು ತಲುಪುವಷ್ಟರಲ್ಲಿ ತುಂಬಿರುತ್ತಿತ್ತು. ಕೊನೆಗೆ ಅವಳೇ ಒಂದು ದಿನ ನಗುತ್ತ, ಇಷ್ಟೊಂದು ಮಂದಿ ನನ್ನ ಸಲುವಾಗಿ ನಾಚಿಕೊಂಡಿದ್ದಾರಲ್ಲ, ಅವರಲ್ಲಿ ಒಬ್ಬರ ಮನೆಯಲ್ಲಾದರೂ ಕೋಣೆ ಇರಬೇಕಲ್ಲ ಎಂದಳು. ಆ ಕಮ್ಯುನಿಟಿಗೆ ಸೇರಿ ಇಂಗ್ಲಿಷಿನಲ್ಲಿ ಬರೆದಳು: ಫೋಟೋದಲ್ಲಿರುವವಳು ನಾನೇ. ನನಗೆ ಧಾರವಾಡದಲ್ಲಿ ಬಾಡಿಗೆಗೆ ಒಂದು ಕೋಣೆ ಬೇಕು. ಯಾರ ಮನೆಯಲ್ಲಿದೆ?

ನಾವು ಕಾದೆವು. ಧೈರ್ಯವಾಗಿರು ತಂಗಿ ಎಂದು ಒಬ್ಬರು ಬರೆದರು. ನೀನು ನಮಗೆಲ್ಲ ಸ್ಫೂರ್ತಿ ಎಂದು ಇನ್ನೊಬ್ಬರು. ನನ್ನ ಸ್ನೇಹಿತೆಯಾಗುತ್ತೀಯಾ ಎಂದು ಕೇಳಿದವರು ಬಹಳ. ಧಾರವಾಡಕ್ಕಿಂತ ಕೆನಡಾ ಒಳ್ಳೆಯದೆಂದು ಕೆನಡಾದವರು. ಕೋಣೆಯ ಮಾತು ಯಾರೂ ಎತ್ತಲಿಲ್ಲ. ಮರುದಿನ ನೋಡಿದರೆ ಅವಳು ಬರೆದದ್ದೇ ಅಲ್ಲಿರಲಿಲ್ಲ. ವಿಷಯಕ್ಕೆ ಸಂಬಂಧವಿಲ್ಲದ ಜಾಹೀರಾತುಗಳನ್ನು ತೆಗೆದುಹಾಕಲಾಗುವುದು ಎಂದು ಸಂಚಾಲಕರು ಸೂಚನೆ ಹಾಕಿದ್ದರು. ಸಂಚಾಲಕರೆಂದರೆ ನಮ್ಮ ಪ್ರಾಧ್ಯಾಪಕರು.

ಅವರ ಮನೆ ನಮಗೆ ದೂರವೇನಲ್ಲ. ಮಾಳಿಗೆ ಖಾಲಿಯಿರುವುದೂ ಗೊತ್ತಿತ್ತು, ಗೇಟಿಗೆ ‘ಬಾಡಿಗೆಗೆ ಇದೆ’ ಎಂಬ ತಗಡು ಕಟ್ಟಿ ಎಷ್ಟೋ ದಿನವಾಗಿತ್ತು. ಹೋಗೋಣ ಎಂದವಳು ಅವಳೇ. ಬೇಡವೆಂದು ನಾನು ಹೇಳಲಿಲ್ಲ. ನನಗೂ ನೋಡಬೇಕಿತ್ತು.

ಪ್ರಾಧ್ಯಾಪಕರ ಹೆಂಡತಿ ಬಾಗಿಲು ತೆರೆದರು. ನನ್ನನ್ನು ನೋಡಿ ನಕ್ಕರು, ಅವಳನ್ನು ನೋಡಿ ನಗುವನ್ನು ಎಲ್ಲಿಡಬೇಕೆಂದು ತಿಳಿಯದೆ ಒಳಗೆ ಹೋಗಿ ಗಂಡನನ್ನು ಕಳಿಸಿದರು. ಪ್ರಾಧ್ಯಾಪಕರು ಪಡಸಾಲೆಯಲ್ಲಿ ಕೂಡ್ರಿಸಿದರು. ಫೇಡೆ ಕೊಟ್ಟರು. ಹೋರಾಟ ಎಷ್ಟು ಬೆಳೆದಿದೆ, ದಿಲ್ಲಿಯಿಂದ ಯಾರು ಬರೆದಿದ್ದಾರೆ ಎಂದೆಲ್ಲ ಹೇಳಿದರು. ಅವಳು ಫೇಡೆಯನ್ನು ಪೂರ್ತಿ ತಿಂದು ಮುಗಿಸಿ, “ಸರ, ಮ್ಯಾಲಿನ ಖೋಲಿ ನನಗ ಕೊಡ್ತೀರೇನ್ರಿ?” ಎಂದು ಕೇಳಿದಳು.

ಅವರು ನನ್ನ ಕಡೆ ನೋಡಿದರು, ನಾನೇ ಏನಾದರೂ ಹೇಳಿ ಈ ಪ್ರಶ್ನೆಯನ್ನು ಹೊರಗೆ ಕರೆದೊಯ್ಯುತ್ತೇನೆಂಬ ಹಾಗೆ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕುಳಿತೆ.

“ನನ್ನದೇನ ತಕರಾರು ಇಲ್ಲವಾ,” ಎಂದರು. “ಮನಿಯಾಗ ವಯಸ್ಸಾದಾವ್ರು ಅದಾರ. ಅವ್ರಿಗೆ ಹೊಸ ವಿಚಾರ ಒಮ್ಮೆಲೆ ತಿಳಿಯಂಗಿಲ್ಲ. ಸಾವಕಾಶ ತಿಳಿಸಿ ಹೇಳಬೇಕು.”

“ಎಷ್ಟ ದಿನಾ ಬೇಕಾಗ್ತೈತ್ರಿ?”

ಇದು ಸಂತೆಯಲ್ಲಿ ಕಲಿತ ಮಾತು. ಅವರು ಫೇಡೆಯ ತಟ್ಟೆಯನ್ನು ಮತ್ತೆ ಅವಳ ಕಡೆ ಸರಿಸಿದರು. ಒಳಗಿನ ಬಾಗಿಲ ಸಂದಿನಿಂದ ಹೆಂಡತಿಯ ದನಿ ಬಂತು, ಕಾಯಿಪಲ್ಲೆ ತಿನ್ನುವವರಿಗೆ ಮಾತ್ರ ಕೊಡುವುದೆಂದು ತಗಡಿನ ಮೇಲೆ ಬರೆಸುವುದು ಉಳಿದುಬಿಟ್ಟಿದೆಯೆಂದು. ಹುಡುಗಿ ಎದ್ದು, ಫೇಡೆ ಛಲೋ ಇತ್ತು ಎಂದು ಹೇಳಿ ಹೊರಬಂದಳು. ಗೇಟಿನ ಆಚೆ ಬಂದು ಅವಳು ನಕ್ಕ ನಗು ಆ ಓಣಿಗೆಲ್ಲ ಕೇಳಿಸಿರಬೇಕು. ನನಗೆ ನಗು ಬರಲಿಲ್ಲ. ಹತ್ತಿಯ ವ್ಯಾಪಾರದ ಒಡತಿಯ ಮೇಲೆ ಇದ್ದದ್ದಕ್ಕಿಂತ ಹೆಚ್ಚಿನ ಸಿಟ್ಟು ನನಗೆ ಈ ಮನುಷ್ಯನ ಮೇಲೆ ಬಂತು. ಒಡತಿ ಸಾಮಾನು ಹೊರಗೆ ಹಾಕಿದ್ದಳು, ಆದರೆ ತಾನು ಅದರ ವಿರುದ್ಧ ಹೋರಾಡುತ್ತಿದ್ದೇನೆಂದು ಹೇಳಿಕೊಂಡಿರಲಿಲ್ಲ.

ಕಡೆಗೆ ಕೋಣೆ ಸಿಕ್ಕಿದ್ದು ಹುಬ್ಬಳ್ಳಿಯ ಅಂಚಿನ ಬೆಂಗೇರಿಯಲ್ಲಿ, ವೆಲ್ಡಿಂಗ್ ಅಂಗಡಿಯೊಂದರ ಮೇಲೆ. ಮಾಲೀಕನದು ದೊಡ್ಡ ಮನಸ್ಸೆಂದು ಹೇಳುವಂತಿಲ್ಲ. ಕೆಳಗಿನ ಗದ್ದಲಕ್ಕೆ ಅಲ್ಲಿ ಯಾರೂ ನಿಲ್ಲುತ್ತಿರಲಿಲ್ಲ, ಇವಳಿಂದಲೂ ಅವನು ಹೆಚ್ಚಿಗೇ ಕೇಳಿದ. ಆದರೆ ಬೀಗದ ಕೈ ಕೊಟ್ಟ. ಅವಳು ದಿನವೂ ಅಲ್ಲಿಂದ ಬಸ್ಸಿನಲ್ಲಿ ನಿಂತುಕೊಂಡು ಧಾರವಾಡಕ್ಕೆ ಬಂದು ಓದಿದಳು.

ನಂತರ ನಡೆದದ್ದಕ್ಕೆ ಮೇಣಬತ್ತಿ ಇರಲಿಲ್ಲ, ವರದಿಗಾರರೂ ಇರಲಿಲ್ಲ. ಸಂಜೆ ತರಗತಿ ಮುಗಿದ ಮೇಲೆ ಅವಳು ಮತ್ತು ಅವಳ ಕೆಲವು ಗೆಳೆಯರು ನನ್ನ ಅಂಗಡಿಗೆ ಬಂದು ಅದೇ ತಾಣದಲ್ಲಿ ತಮ್ಮದೇ ಒಂದು ಕಮ್ಯುನಿಟಿ ಮಾಡಿಕೊಂಡರು. ಹೊರಗಿನವರಿಗೆ ಅದು ಕಾಣುತ್ತಿರಲಿಲ್ಲ. ಪುಣೆಯಲ್ಲಿ, ಮೈಸೂರಿನಲ್ಲಿ ಓದುತ್ತಿದ್ದ ಆಫ್ರಿಕಾದ ವಿದ್ಯಾರ್ಥಿಗಳು ಸೇರಿದರು. ಮುಂದಿನ ವರ್ಷ ಬರಲಿದ್ದವರು ಅವರವರ ಊರಿನಿಂದಲೇ ಸೇರಿದರು. ತನಗೆ ಆದದ್ದನ್ನು ಮಾತ್ರ ಬರೆಯಬೇಕು, ಕೇಳಿದ್ದನ್ನಲ್ಲ. ಕೇಳದೆ ಯಾರ ಫೋಟೋವನ್ನೂ ಹಾಕಬಾರದು. ಒಳ್ಳೆಯದಾಗಿದ್ದರೆ ಅದನ್ನೂ ಬರೆಯಬೇಕು. ಈ ಕಟ್ಟಳೆಯನ್ನು ಅವಳೇ ಮಾಡಿದಳು, ಮುರಿದವರನ್ನು ಮುಲಾಜಿಲ್ಲದೆ ತೆಗೆದಳು. ಯಾವ ಓಣಿಯ ಯಾವ ಮನೆಯಲ್ಲಿ ನೀರು ನಿಲ್ಲಿಸುತ್ತಾರೆ, ಯಾವ ಖಾನಾವಳಿಯಲ್ಲಿ ಮೂಲೆಗೆ ಕೂಡ್ರಿಸುತ್ತಾರೆ, ಯಾವ ಔಷಧಿ ಅಂಗಡಿಯವನು ಮರ್ಯಾದೆಯಿಂದ ಮಾತಾಡಿಸುತ್ತಾನೆ, ಎಲ್ಲ ಅಲ್ಲಿ ಬಂತು. ಓದುತ್ತಿದ್ದರೆ ನಾನು ಹುಟ್ಟಿ ಬೆಳೆದ ಊರು ನನಗೇ ಹೊಸದಾಗಿ ಕಾಣುತ್ತಿತ್ತು. ಚೆನ್ನಾಗಿಯೇನೂ ಕಾಣುತ್ತಿರಲಿಲ್ಲ.

ಅವರು ಮಾಡಿದ ಇನ್ನೊಂದು ಕೆಲಸವೆಂದರೆ ಬರಲಿದ್ದವರೆಲ್ಲರಿಂದ ಕಾಲೇಜಿಗೆ ಒಂದೇ ಪ್ರಶ್ನೆಯನ್ನು ಈ-ಮೇಲಿನಲ್ಲಿ ಕೇಳಿಸಿದ್ದು: ಹೊರದೇಶದ ವಿದ್ಯಾರ್ಥಿನಿಯರಿಗೆ ಹಾಸ್ಟೆಲ್ ಇದೆಯೇ? ಇಲ್ಲದಿದ್ದರೆ ನಾವು ಬೇರೆ ಊರು ನೋಡುತ್ತೇವೆ. ಬೈಗುಳವಿಲ್ಲ, ಭಾಷಣವಿಲ್ಲ. ಹೊರದೇಶದವರ ಫೀ ಕಾಲೇಜಿಗೆ ಎಷ್ಟು ಮುಖ್ಯವೆಂಬುದು ಕಾನೂನು ಓದುವ ಹುಡುಗಿಗೆ ಗೊತ್ತಿತ್ತು. ಅದೇ ಪ್ರಶ್ನೆ ಮತ್ತೆ ಮತ್ತೆ ಬಂದಾಗ ಕಾಲೇಜಿನವರು ಅವಳನ್ನೇ ಕರೆಸಿ ಇದೇನೆಂದು ಕೇಳಿದರು. ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಮುಂದಿನ ವರ್ಷ ಹೆಣ್ಣುಮಕ್ಕಳ ಹಾಸ್ಟೆಲಿನ ಒಂದು ಬದಿಯನ್ನು ಅವರಿಗಾಗಿ ತೆರೆದರು. ಸುಣ್ಣ ಕಾಣದ ಗೋಡೆ, ಸೋರುವ ನಲ್ಲಿ. ಆದರೂ ಅಲ್ಲಿ ಕನ್ಯಾ ನೋಡಲು ಯಾರೂ ಬರುತ್ತಿರಲಿಲ್ಲ.

ಹತ್ತಿಯ ವ್ಯಾಪಾರದ ಮನೆಯ ಮಾಳಿಗೆ ಆ ವರ್ಷ ಬಹಳ ದಿನ ಖಾಲಿ ಬಿತ್ತು. ಹೊರದೇಶದ ಹುಡುಗರು ಹೆಸರು ಕೇಳಿಯೇ ಬೇಡವೆನ್ನುತ್ತಿದ್ದಾರೆಂದು ಏಜೆಂಟ್ ಹೇಳಿದನಂತೆ. ಒಡತಿ ಒಂದು ದಿನ ನನ್ನ ಅಂಗಡಿಗೆ ಬಂದು, ಕಂಪ್ಯೂಟರುಗಳನ್ನು ಒಂದೊಂದಾಗಿ ಅನುಮಾನದಿಂದ ನೋಡಿದಳು.

“ನಮ್ಮ ಮನಿ ಬಗ್ಗೆ ಇದರಾಗ ಏನೋ ಬರದಾರಂತ. ಅಳಿಸಿ ಬಿಡವಾ ಅದನ್ನ.”

ಅದು ನನ್ನ ಕೈಯಲ್ಲಿಲ್ಲವೆಂದೆ.

“ನಾವೇನ ಆಕಿನ್ನ ಹೊಡದೇವೇನು, ಬಡದೇವೇನು? ಮಗಳ ಲಗ್ನದ ವ್ಯಾಳ್ಯಾ ಇತ್ತು, ಅಷ್ಟ.”

ಆ ಲಗ್ನ ಆಗಲಿಲ್ಲ. ಬೆಳಗಾವಿಯವರು ಉಪ್ಪಿಟ್ಟು ತಿಂದು, ಹಾಡು ಹೇಳಿಸಿ, ಊರಿಗೆ ಹೋಗಿ, ಹುಡುಗಿಯ ಬಣ್ಣ ಕಡಿಮೆಯಾಯಿತೆಂದು ಹೇಳಿಕಳಿಸಿದ್ದರು. ಇದನ್ನು ಅವ್ವ ಓಣಿಯಿಂದ ತಂದು ನನಗೆ ಹೇಳಿದ್ದಳು. ಆ ಮಗಳು ನನ್ನ ಅಂಗಡಿಗೆ ಆಗಾಗ ಪರೀಕ್ಷೆಯ ಫಲಿತಾಂಶ ನೋಡಲು ಬರುತ್ತಿದ್ದ ಮೆತ್ತಗಿನ ಹುಡುಗಿ. ಅವಳ ಮುಖ ನನಗೆ ನೆನಪಾಯಿತು. ಒಡತಿಗೆ ತನ್ನ ಮಗಳಿಗಾದದ್ದಕ್ಕೂ ತಾನು ಮಾಡಿದ್ದಕ್ಕೂ ಸಂಬಂಧ ಕಂಡಿದ್ದರೆ ಅವಳು ನನ್ನ ಅಂಗಡಿಗೇ ಬರುತ್ತಿರಲಿಲ್ಲ. ಕುಡಿಯಲು ನೀರು ಕೊಟ್ಟು ಕಳಿಸಿದೆ.

ಪ್ರಾಧ್ಯಾಪಕರ ವಿಷಯ ಹೇಳದಿದ್ದರೆ ಅವರಿಗೆ ಅನ್ಯಾಯವಾದೀತು. ಹಾಸ್ಟೆಲು ತೆರೆದ ಸುದ್ದಿ ತಿಳಿದ ದಿನವೇ ಅವರು ತಮ್ಮ ಕಮ್ಯುನಿಟಿಯಲ್ಲಿ ಜಯ ಸಿಕ್ಕಿತೆಂದು ಸಾರಿದರು. ಕೆನಡಾದಿಂದ ಅಭಿನಂದನೆ ಬಂತು. ಹುಬ್ಬಳ್ಳಿಯ ಒಂದು ವಿಚಾರ ಸಂಕಿರಣದಲ್ಲಿ ಇಂಟರ್ನೆಟ್ಟು ಸಮಾಜವನ್ನು ಹೇಗೆ ಬದಲಿಸುತ್ತದೆಂದು ಮಾತಾಡಿ ಶಾಲು ಹೊದಿಸಿಕೊಂಡರು. ಅವರ ಭಾಷಣವನ್ನು ಟೈಪು ಮಾಡಿಕೊಟ್ಟವಳು ನಾನೇ. ಅದರಲ್ಲಿ ಹುಡುಗಿಯ ಊರನ್ನು ನೈಜೀರಿಯಾ ಎಂದು ಬರೆದಿದ್ದರು. ನಾನು ತಿದ್ದಿ ತಾಂಜಾನಿಯಾ ಮಾಡಿದೆ. ಅವರು ಮತ್ತೆ ಕೀನ್ಯಾ ಮಾಡಿಸಿದರು. ಕೆಲವು ತಿಂಗಳಿಗೆ ಆ ಕಮ್ಯುನಿಟಿಯ ಮುಖಚಿತ್ರ ಬದಲಾಗಿ ಅಲ್ಲೊಂದು ಕಸ ತುಂಬಿದ ಕೆರೆ ಬಂತು. ಈಗ ಎಲ್ಲರೂ ಕೆರೆಗಾಗಿ ತಲೆ ತಗ್ಗಿಸುತ್ತಿದ್ದರು. ಅವಳ ಫೋಟೋ ಹೀಗೆ, ಯಾರೂ ತೆಗೆಯದೆಯೇ, ತಾನಾಗಿ ಹೋಯಿತು.

ಓದು ಮುಗಿಸಿ ಅವಳು ಊರಿಗೆ ಹೊರಟಳು. ಅವ್ವ ಶೇಂಗಾ ಹೋಳಿಗೆ ಮಾಡಿ ಕಟ್ಟಿಕೊಟ್ಟಳು. ರೈಲು ನಿಲ್ದಾಣದಲ್ಲಿ ಅವಳನ್ನು ಕಳಿಸುವಾಗ ಧಾರವಾಡದ ಬಗ್ಗೆ ಊರಲ್ಲಿ ಏನು ಹೇಳುತ್ತೀ ಎಂದು ಕೇಳಿದೆ. ಒಳ್ಳೆಯ ಮಾತು ಬಂದೀತೆಂಬ ಆಸೆ ನನಗೂ ಇತ್ತೇನೋ. “ಊರ ಭಾಳ ಛಲೋ ಮಾತಾಡ್ತೈತಿ ಅಂತ ಹೇಳ್ತೇನಿ,” ಎಂದಳು. ನನ್ನನ್ನು ತಬ್ಬಿಕೊಂಡು ಗಾಡಿ ಹತ್ತಿದಳು.

ಮುಂದಿನ ಜೂನಿನಲ್ಲಿ ಜಾಂಬಿಯಾದ ಒಬ್ಬ ಹೊಸ ಹುಡುಗಿ ಚೀಲ ಹೊತ್ತುಕೊಂಡೇ ನಮ್ಮ ಅಂಗಡಿಗೆ ಬಂದಳು. ನೀವೇ ಅಕ್ಕನಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಅವರ ಕಮ್ಯುನಿಟಿಯಲ್ಲಿ ನಮ್ಮ ಬಗ್ಗೆಯೂ ಬರೆದಿದ್ದರಂತೆ. ಏನೆಂದು ಒತ್ತಾಯ ಮಾಡಿ ಕೇಳಿದೆ. ಇಂಟರ್ನೆಟ್ ನಿಧಾನ, ಅಕ್ಕ ನಂಬಬಹುದಾದವಳು, ಅಕ್ಕನ ಅಮ್ಮ ಚಹಾ ಕೊಡುತ್ತಾಳೆ ಆದರೆ ಬಹಳ ಪ್ರಶ್ನೆ ಕೇಳುತ್ತಾಳೆ, ಮೀನಿನ ಮಾತು ತೆಗೆಯಬೇಡಿ. ನಾನು ಅದನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವನಿಗೆ ಸಿಟ್ಟು ಬಂತು.

“ಕೇಳಿದ್ರ ತಪ್ಪೇನು? ಮೀನ ಮಾಡ್ಕೊಂಡ ತಿನ್ನಾಕ ಬಿಟ್ಟೇನಿಲ್ಲೋ?” ಎಂದಳು. ಚಹಾ ಇಡಲು ಎದ್ದವಳು ಅರ್ಧಕ್ಕೇ ತಿರುಗಿ ಬಂದು, ಈ ಹುಡುಗಿಯ ತಾಯಿ ಏನು ಮಾಡುತ್ತಾಳೆ, ಅಣ್ಣತಮ್ಮಂದಿರು ಇದ್ದಾರೆಯೇ, ಇಷ್ಟು ದೂರ ಒಬ್ಬಳನ್ನೇ ಹೇಗೆ ಕಳಿಸಿದರು ಎಂದು ಕೇಳು ಎಂದು ನನಗೆ ಹೇಳಿದಳು.